ಹದಿಹರೆಯದ ಕೈಯಲ್ಲಿ ಸೀಟಿ

ಫುಟ್‌ಬಾಲ್ ಆಟದ ಕಾನೂನು ಪುಸ್ತಕದಲ್ಲಿರುವ 17 ನಿಯಮಗಳ ಪೈಕಿ ಐದನೆಯದು ರೆಫ್ರಿಗೆ, ಅಂದರೆ ಮೈದಾನದೊಳಗೆ ಆಟಗಾರರ ಜೊತೆಯಲ್ಲೇ ಓಡುತ್ತ ಪಂದ್ಯ ನಡೆಸಿ ತೀರ್ಪು ಕೊಡುವವರಿಗೆ, ಮೀಸಲಾಗಿದೆ. ಗೋಲು ಆಯಿತೋ ಇಲ್ಲವೋ ಎಂಬುದೂ ಸೇರಿದಂತೆ ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫ್ರಿಯ ತೀರ್ಮಾನವೇ ಅಂತಿಮವೆಂದೂ, ಅದನ್ನು ಎಲ್ಲರೂ ಗೌರವಿಸಬೇಕೆಂದೂ ಆ ನಿಯಮ ವಿಧಿಸುತ್ತದೆಯೇ ಹೊರತು, ತೀರ್ಪು ಕೊಡುವವರಿಗೆ ಎಷ್ಟು ವಯಸ್ಸಾಗಿರಬೇಕು ಎಂಬ ಮಾತನ್ನೇ ಎತ್ತುವುದಿಲ್ಲ. ಸೀಟಿ ಹಿಡಿದವರು ಐವತ್ತು ದಾಟಿದ ದೈಹಿಕ ಶಿಕ್ಷಕರಾಗಿರಲಿ, ಪಿಯುಸಿ ಓದುತ್ತಿರುವ ಹುಡುಗಿಯಾಗಿರಲಿ, ಗೆರೆಯೊಳಗಿನ ಅಧಿಕಾರ ಇಬ್ಬರಿಗೂ ಒಂದೇ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಂಥ ಊರುಗಳಲ್ಲಿ, ಹಿರಿಯರೆದುರು ಕಿರಿಯರು ದನಿ ಎತ್ತಬಾರದೆಂಬುದನ್ನು ಕಲಿತೇ ಬೆಳೆಯುವ ಮಕ್ಕಳ ನಡುವೆ, ಈ ಒಂದು ನಿಯಮ ತರುವ ಬದಲಾವಣೆ ಸಣ್ಣದಲ್ಲ.

ಈ ಸೀಮೆಯಲ್ಲಿ ಆಟಗಾರರನ್ನು ಬೆಳೆಸುವ ಕೆಲಸ ಒಂದು ಮಟ್ಟಕ್ಕೆ ಬಂದು ನಿಂತಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಕಲಿಯುವವರು ದೇಶದ ಮೂಲೆ ಮೂಲೆಗಳಿಂದ ಬರುತ್ತಾರೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಕ್ಲಬ್ಬು ತನ್ನ ವಸತಿ ಸಹಿತ ಫುಟ್‌ಬಾಲ್ ಅಕಾಡೆಮಿಯನ್ನು ನಡೆಸಿಕೊಂಡು ಬಂದಿರುವುದೂ ಇಲ್ಲೇ. ಹಸಿರು ಹುಲ್ಲಿನ ಆ ಮೈದಾನಗಳಿಂದ ಸಂಡೂರಿನ ಕೆಂಪು ಧೂಳಿನ ಶಾಲಾ ಮೈದಾನಕ್ಕಾಗಲಿ, ಕಂಪ್ಲಿಯ ಎರೆಮಣ್ಣಿನ ಬಯಲಿಗಾಗಲಿ ಹೆಚ್ಚು ದೂರವೇನಿಲ್ಲ. ಆದರೆ ಶಾಲೆ ಶಾಲೆಗಳ ನಡುವಣ ಪಂದ್ಯದಲ್ಲಿ ಸೀಟಿ ಊದುವವರು ಯಾರು ಎಂದು ಕೇಳಿದರೆ ಸಿಗುವ ಉತ್ತರ ಮಾತ್ರ ಹಿಂದಿನಿಂದಲೂ ಬದಲಾಗಿಲ್ಲ: ಪಂದ್ಯ ನಡೆಯುವ ಶಾಲೆಯ ಪಿ.ಟಿ. ಮೇಷ್ಟ್ರು, ಅವರು ಸಿಗದಿದ್ದರೆ ಪಕ್ಕದ ಶಾಲೆಯ ಪಿ.ಟಿ. ಮೇಷ್ಟ್ರು. ತಮ್ಮದೇ ಮಕ್ಕಳು ಆಡುವ ಪಂದ್ಯಕ್ಕೆ ತಾವೇ ತೀರ್ಪುಗಾರರಾಗಿ ನಿಲ್ಲುವ ಇಕ್ಕಟ್ಟಿಗೆ ಆ ಶಿಕ್ಷಕರನ್ನು ದೂಡುವುದು ನ್ಯಾಯವಲ್ಲ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಸೋತ ತಂಡ ಅವರನ್ನು ನಂಬುವುದಿಲ್ಲ.

ಫುಟ್‌ಬಾಲ್ ಕೂಡ ತನ್ನ ಎಳವೆಯಲ್ಲಿ ಇದೇ ಇಕ್ಕಟ್ಟನ್ನು ದಾಟಿ ಬಂದಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರತಿ ತಂಡವೂ ತನ್ನ ಕಡೆಯ ಒಬ್ಬ ಅಂಪೈರನನ್ನು ಕರೆತರುತ್ತಿತ್ತು. ಇಬ್ಬರು ಅಂಪೈರರು ಒಪ್ಪದಿದ್ದಾಗ ಗೆರೆಯ ಹೊರಗೆ ನಿಂತಿದ್ದ ಮೂರನೆಯವನೊಬ್ಬನ ಬಳಿ ವ್ಯಾಜ್ಯ ಹೋಗುತ್ತಿತ್ತು, ಮತ್ತು ಹಾಗೆ ವ್ಯಾಜ್ಯ ಒಪ್ಪಿಸಲಾಗುತ್ತಿದ್ದ ಆ ಮೂರನೆಯವನೇ ರೆಫ್ರಿ. ಆಟದ ನಿಯಮಗಳನ್ನು ರೂಪಿಸಲು 1886ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮಂಡಳಿಯು 1891ರಲ್ಲಿ ಆತನನ್ನು ಮೈದಾನದೊಳಕ್ಕೆ ಕರೆದು, ಅಂಪೈರರನ್ನು ಗೆರೆಯ ಪಕ್ಕಕ್ಕೆ ಕಳುಹಿಸಿ ಲೈನ್ಸ್‌ಮನ್‌ಗಳನ್ನಾಗಿ ಮಾಡಿತು. ಪೆನಾಲ್ಟಿ ಒದೆತ ಜಾರಿಗೆ ಬಂದದ್ದೂ ಅದೇ ವರ್ಷ. ಲೈನ್ಸ್‌ಮನ್ ಎಂಬ ಹೆಸರು 1996ರಲ್ಲಿ ಸಹಾಯಕ ರೆಫ್ರಿ ಎಂದಾಯಿತು. ಎರಡೂ ಪಕ್ಷಕ್ಕೆ ಸೇರದ ಮೂರನೆಯವರೊಬ್ಬರು ಬೇಕೇ ಬೇಕು ಎಂಬ ಅರಿವು ಈ ಬದಲಾವಣೆಗಳ ತಳದಲ್ಲಿದೆ.

ಆ ಅರಿವು ತುಂಗಭದ್ರೆಯ ದಂಡೆಗೆ ಇಂಗ್ಲೆಂಡಿನಿಂದಲೇ ಬರಬೇಕಿರಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿ ಹಬ್ಬದ ಕುಸ್ತಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವ, ಕಣ್ಣು ಹೋಗುವಷ್ಟು ಬಿರುಸಾದ ಆ ಹೊಡೆದಾಟದ ವರ್ಣನೆಯನ್ನು ಹಲವರು ನೆನಪಿಟ್ಟುಕೊಂಡಿದ್ದಾರಾದರೂ, ಅದರ ಜೊತೆಗೇ ಆತ ಹೇಳುವ ಇನ್ನೊಂದು ಸಂಗತಿ ಇಲ್ಲಿ ಹೆಚ್ಚು ಮುಖ್ಯ: ಜಟ್ಟಿಗಳನ್ನು ಕಣದಲ್ಲಿ ಸರಿಸಮವಾಗಿ ನಿಲ್ಲಿಸುವುದಕ್ಕೂ, ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ನಿರ್ಧರಿಸುವುದಕ್ಕೂ ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು. ಇಬ್ಬರನ್ನೂ ಸಮನಾಗಿ ನಿಲ್ಲಿಸುವುದು ಮೊದಲು, ಗೆಲುವನ್ನು ಗುರುತಿಸುವುದು ಆಮೇಲೆ ಎಂಬ ಈ ಕ್ರಮವೇ ಇಂದಿನ ರೆಫ್ರಿಯ ಕೆಲಸದ ಕ್ರಮವೂ ಆಗಿದೆ.

ಕಂಪ್ಲಿಯ ಸೀಮೆಯಲ್ಲಿ ಇನ್ನೂ ಬಳಕೆಯಲ್ಲಿರುವ ಕುಮಾರರಾಮನ ಕಥೆಯಲ್ಲಿಯಂತೂ ಚೆಂಡೇ ಬರುತ್ತದೆ. ನಂಜುಂಡ ಕವಿಯ ಸಾಂಗತ್ಯ ಕಾವ್ಯದಿಂದ ಹಿಡಿದು ಜನಪದ ಕಥನಗಳವರೆಗೆ ಹರಡಿರುವ ಈ ಕಥೆಯಲ್ಲಿ, ಕಂಪಿಲರಾಯನ ಮಗ ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಹೋಗಿ ಬೀಳುತ್ತದೆ. ತರಲು ಹೋದವನು ಆಕೆಯ ಮೋಹವನ್ನು ನಿರಾಕರಿಸಿದಾಗ ಆಕೆ ಆತನ ಮೇಲೆಯೇ ದೂರು ಹೇಳುತ್ತಾಳೆ. ತಂದೆ ಒಂದು ಕಡೆಯ ಮಾತನ್ನಷ್ಟೇ ಕೇಳಿ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಪಾಡುತ್ತಾನೆ. ಸ್ವತಃ ಕಾಣದ್ದನ್ನು ಯಾರೋ ಕೂಗಿ ಹೇಳಿದರೆಂದು ತೀರ್ಪಾಗಿ ಮಾಡಬಾರದು ಎಂಬುದು ಹೊಸ ರೆಫ್ರಿಗೆ ಮೊದಲ ದಿನವೇ ಕಲಿಸಬೇಕಾದ ಪಾಠ. ಕಂಪ್ಲಿಯ ಮಕ್ಕಳಿಗೆ ಅದನ್ನು ಕಲಿಸಲು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ರೆಫ್ರಿಯಾಗಲು ಹೊರಡುವ ಹುಡುಗನ ಅಥವಾ ಹುಡುಗಿಯ ದಾರಿ ಸಾಮಾನ್ಯವಾಗಿ ರಾಜ್ಯ ಸಂಸ್ಥೆ ನಡೆಸುವ ತರಬೇತಿಯಿಂದ ಶುರುವಾಗುತ್ತದೆ. ಭಾರತದಲ್ಲಿ ಫುಟ್‌ಬಾಲನ್ನು ನಿಯಂತ್ರಿಸುವ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 1937ರಲ್ಲಿ ಸ್ಥಾಪನೆಯಾಯಿತು; ಅದರ ಅಂಗವಾಗಿ ಕರ್ನಾಟಕದಲ್ಲಿ ಕೆಲಸ ಮಾಡುವುದು ಬೆಂಗಳೂರಿನಲ್ಲಿ ಕಚೇರಿ ಹೊಂದಿರುವ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ನಿಯಮಗಳ ಪಾಠ, ಲಿಖಿತ ಪರೀಕ್ಷೆ, ಮೈದಾನದಲ್ಲಿ ಪ್ರಾಯೋಗಿಕ ಪರೀಕ್ಷೆ, ಓಟದ ಪರೀಕ್ಷೆ ಇವನ್ನು ದಾಟಿದವರು ಕೆಳಗಿನ ದರ್ಜೆಯಲ್ಲಿ ನೋಂದಣಿಯಾಗಿ, ಪಂದ್ಯಗಳ ಅನುಭವ ಕೂಡಿದಂತೆ ಮೇಲಿನ ದರ್ಜೆಯ ಪರೀಕ್ಷೆಗೆ ಅರ್ಹರಾಗುತ್ತಾರೆ. ಕಾಗದದ ಮೇಲೆ ಸರಳವಾಗಿ ಕಾಣುವ ಈ ದಾರಿ ಹೊಸಪೇಟೆಯ ವಿದ್ಯಾರ್ಥಿಗೆ ಅಷ್ಟು ಸರಳವಲ್ಲ. ಬೆಂಗಳೂರು ಸುಮಾರು 340 ಕಿಲೋಮೀಟರ್ ದೂರದಲ್ಲಿದ್ದು, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಓಟದ ಪರೀಕ್ಷೆಗೆ ನಿಲ್ಲುವುದೆಂದರೆ ದೇಹಕ್ಕೂ ಕಷ್ಟ, ಮನೆಯ ಖರ್ಚಿಗೂ ಕಷ್ಟ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಗೂ ಸೇರಿರುವುದರಿಂದ, ಒಂದೇ ಬಸ್ಸಿನ ದಾರಿಯಲ್ಲಿರುವ ಈ ಊರುಗಳ ಶಾಲಾ ಕ್ರೀಡಾಕೂಟಗಳು ಎರಡು ಜಿಲ್ಲೆಗಳ ಪಟ್ಟಿಯಲ್ಲಿ ನಡೆಯುತ್ತವೆ. ತರಬೇತಿಯ ಮಟ್ಟಿಗಾದರೂ ಎರಡೂ ಜಿಲ್ಲೆಗಳು ಒಂದಾಗಿ, ಅಧ್ಯಾಪಕರನ್ನು ಬೆಂಗಳೂರಿನಿಂದ ಇಲ್ಲಿಗೇ ಕರೆಸಿಕೊಳ್ಳುವುದು ಮಕ್ಕಳನ್ನು ಅಲ್ಲಿಗೆ ಕಳುಹಿಸುವುದಕ್ಕಿಂತ ಎಷ್ಟೋ ಮೇಲು.

ರೆಫ್ರಿಯ ಬಳಿ ಇರಲೇಬೇಕಾದ ಸಾಮಾನುಗಳು ಹೆಚ್ಚಿಲ್ಲ: ಸೀಟಿ, ಕೈಗಡಿಯಾರ, ಹಳದಿ ಮತ್ತು ಕೆಂಪು ಕಾರ್ಡುಗಳು, ಪಂದ್ಯದ ವಿವರ ಬರೆದುಕೊಳ್ಳಲು ಒಂದು ಪುಟ್ಟ ಪುಸ್ತಕ. ಆದರೆ ಪಂದ್ಯ ಆರಂಭವಾಗುವ ಮೊದಲಿನ ಅರ್ಧ ಗಂಟೆಯ ಕೆಲಸವೇ ಹೊಸಬರ ಶಿಸ್ತನ್ನು ಪರೀಕ್ಷಿಸುತ್ತದೆ. ಮೈದಾನವನ್ನು ಒಂದು ಸುತ್ತು ನಡೆದು ನೋಡುವಾಗ ಈ ಭಾಗದಲ್ಲಿ ಮೊದಲು ಕಣ್ಣು ಹೋಗಬೇಕಾದದ್ದು ಬೇಲಿಯಂಚಿನಿಂದ ಉದುರಿ ಗಾಳಿಗೆ ಒಳಬಂದಿರುವ ಬಳ್ಳಾರಿ ಜಾಲಿಯ ಮುಳ್ಳುಗಳ ಕಡೆಗೆ. ಬರಿಗಾಲಲ್ಲಿ ಅಭ್ಯಾಸ ಮಾಡಿ ತೆಳು ಅಟ್ಟೆಯ ಬೂಟು ಹಾಕಿಕೊಂಡು ಬರುವ ಮಕ್ಕಳಿಗೆ ಅವು ಎದುರಾಳಿಯ ಒದೆತಕ್ಕಿಂತ ಅಪಾಯಕಾರಿ. ಎರೆಮಣ್ಣಿನ ಮೈದಾನವಾದರೆ ಬೇಸಿಗೆಯಲ್ಲಿ ಕಾಲು ಸಿಕ್ಕಿ ಉಳುಕುವಷ್ಟು ಅಗಲದ ಬಿರುಕುಗಳಿವೆಯೇ, ಮಳೆಗಾಲವಾದರೆ ಮಣ್ಣು ಬೂಟಿಗೆ ಮೆತ್ತಿಕೊಂಡು ಓಟವೇ ಅಸಾಧ್ಯವಾಗುತ್ತದೆಯೇ ಎಂದು ನೋಡಬೇಕು. ಎತ್ತಿಡಬಹುದಾದ ಗೋಲುಕಂಬಗಳಿದ್ದರೆ ಅವನ್ನು ನೆಲಕ್ಕೆ ಭದ್ರವಾಗಿ ಬಿಗಿದಿರಬೇಕು. ಬಿಗಿಯದ ಕಂಬ ಮಕ್ಕಳ ಮೇಲೆ ಉರುಳಬಹುದಾದ್ದರಿಂದ ಈ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ ಇರಬೇಕೆಂಬುದು ದೊಡ್ಡವರ ಆಟದ ಲೆಕ್ಕ. ಮಕ್ಕಳ ಪಂದ್ಯಗಳಿಗೆ ಚೆಂಡಿನ ಗಾತ್ರ, ಮೈದಾನದ ಅಳತೆ, ಆಟದ ಅವಧಿ ಇವನ್ನೆಲ್ಲ ಕುಗ್ಗಿಸಿಕೊಳ್ಳಲು ನಿಯಮವೇ ಅನುಮತಿ ಕೊಡುತ್ತದೆ. ಸುಣ್ಣದ ಪುಡಿಯ ಗೆರೆಗಳು ಅಳಿಸಿಹೋಗಿದ್ದರೆ ಮತ್ತೆ ಎಳೆಸಬೇಕು, ಏಕೆಂದರೆ ಪೆನಾಲ್ಟಿ ಪ್ರದೇಶದ ಗೆರೆ ಕಾಣದ ಮೈದಾನದಲ್ಲಿ ತಪ್ಪು ಒಳಗೆ ನಡೆಯಿತೋ ಹೊರಗೆ ನಡೆಯಿತೋ ಎಂಬ ಜಗಳ ಪಂದ್ಯ ಮುಗಿದರೂ ಮುಗಿಯುವುದಿಲ್ಲ.

ಸೀಟಿ ಊದುವುದು ಸುಲಭ, ಯಾವಾಗ ಊದಬಾರದೆಂದು ತಿಳಿಯುವುದು ಕಷ್ಟ. ಪಂದ್ಯ ಆರಂಭಿಸಲು, ಫ್ರೀ ಕಿಕ್‌ಗೋ ಪೆನಾಲ್ಟಿಗೋ ಆಟ ನಿಲ್ಲಿಸಲು, ಕಾರ್ಡ್ ತೋರಿಸಿದ ಮೇಲೆ ಮತ್ತೆ ಆಟ ಶುರು ಮಾಡಲು ಸೀಟಿ ಬೇಕು. ಚೆಂಡು ಸ್ಪಷ್ಟವಾಗಿ ಪಕ್ಕದ ಗೆರೆ ದಾಟಿದಾಗ ಬೇಕಿಲ್ಲ. ಅತಿಯಾಗಿ ಊದಿದ ಸೀಟಿ ಅಗತ್ಯ ಬಿದ್ದಾಗ ಅಷ್ಟು ಪರಿಣಾಮ ಬೀರುವುದಿಲ್ಲವೆಂದು ನಿಯಮ ಪುಸ್ತಕದ ಮಾರ್ಗಸೂಚಿಯೇ ಎಚ್ಚರಿಸುತ್ತದೆ. ಅಡ್ವಾಂಟೇಜ್ ಎಂಬ ವಿಧಿ, ಅಂದರೆ ತಪ್ಪು ನಡೆದರೂ ಅನ್ಯಾಯಕ್ಕೊಳಗಾದ ತಂಡಕ್ಕೆ ಆಟ ಮುಂದುವರಿಯುವುದರಿಂದಲೇ ಲಾಭವಿದ್ದರೆ ನಿಲ್ಲಿಸದೆ ಬಿಡುವುದು, ಹೊಸಬರಿಗೆ ಎಲ್ಲಕ್ಕಿಂತ ತಡವಾಗಿ ಒಗ್ಗುತ್ತದೆ, ಏಕೆಂದರೆ ಅಲ್ಲಿ ತಪ್ಪನ್ನು ಕಂಡರಷ್ಟೇ ಸಾಲದು, ಮುಂದಿನ ಎರಡು ಮೂರು ಸೆಕೆಂಡುಗಳಲ್ಲಿ ಏನಾಗಬಹುದೆಂದು ಊಹಿಸುತ್ತ ಬಾಯಲ್ಲಿನ ಸೀಟಿಯನ್ನು ತಡೆದು ಹಿಡಿಯಬೇಕು. ಸೀಟಿಯ ಜೊತೆಗೆ ಕೈಸನ್ನೆ. ಸಂಡೂರಿನ ತಾಂಡಾಗಳಿಂದ ಬಂದ ಲಂಬಾಣಿ ಮಾತಿನ ಹುಡುಗರು, ಕಂಪ್ಲಿಯ ಭತ್ತದ ಸೀಮೆಯ ಕ್ಯಾಂಪುಗಳ ತೆಲುಗು ಮಾತಿನ ಹುಡುಗರು, ಹೊಸಪೇಟೆಯ ಉರ್ದು ಮಾತಿನ ಹುಡುಗರು, ಉಕ್ಕಿನ ಕಾರ್ಖಾನೆಯ ವಸತಿ ಬಡಾವಣೆಯ ಹಿಂದಿ ಮಾತಿನ ಹುಡುಗರು ಒಂದೇ ಪಂದ್ಯದಲ್ಲಿ ಆಡುವ ಈ ಸೀಮೆಯಲ್ಲಿ, ಎತ್ತಿ ಹಿಡಿದ ಕೈ ಪರೋಕ್ಷ ಫ್ರೀ ಕಿಕ್ಕನ್ನೂ, ಅಂದರೆ ಬೇರೊಬ್ಬ ಆಟಗಾರನಿಗೆ ತಾಕದೆ ಗೋಲಾಗದ ಒದೆತವನ್ನೂ, ಮುಂದೆ ಚಾಚಿದ ಕೈ ಅದರ ದಿಕ್ಕನ್ನೂ ಎಲ್ಲರಿಗೂ ಒಂದೇ ಬಾರಿಗೆ ತಿಳಿಸುತ್ತದೆ.

ಹೊಸಬರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಸೀಟಿಯಲ್ಲ, ಬಾವುಟ. ಸಹಾಯಕ ರೆಫ್ರಿಯಾಗಿ ಪಕ್ಕದ ಗೆರೆಯುದ್ದಕ್ಕೂ ಓಡುತ್ತ ಆಫ್‌ಸೈಡ್ ಗುರುತಿಸುವುದು ಅವರ ಪಾಲಿನ ಅತ್ಯಂತ ಕಠಿಣ ಕೆಲಸ. ಎದುರಾಳಿಯ ಅರ್ಧದಲ್ಲಿರುವ ಆಟಗಾರನ ತಲೆ, ದೇಹ ಅಥವಾ ಪಾದದ ಯಾವುದೇ ಭಾಗ ಚೆಂಡಿಗಿಂತಲೂ, ಎದುರಾಳಿ ತಂಡದ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ; ಕೈತೋಳುಗಳು ಲೆಕ್ಕಕ್ಕಿಲ್ಲ. ಆ ಸ್ಥಾನದಲ್ಲಿ ಬರಿದೆ ನಿಂತಿರುವುದು ತಪ್ಪಲ್ಲ, ಅಲ್ಲಿಂದ ಆಟದಲ್ಲಿ ಪಾಲ್ಗೊಂಡರೆ ಮಾತ್ರ ತಪ್ಪು. ಇಲ್ಲಿ ನೋಡಬೇಕಾದ ಗಳಿಗೆ ಚೆಂಡು ಸಹ ಆಟಗಾರನ ಕಾಲಿಗೆ ತಾಕುವ ಗಳಿಗೆಯೇ ಹೊರತು ಮುಂದಿನವನಿಗೆ ತಲುಪುವ ಗಳಿಗೆಯಲ್ಲ; ಆದರೆ ಒದೆಯುವವನು ಮೂವತ್ತು ಮೀಟರ್ ಆಚೆ ಒಂದು ದಿಕ್ಕಿನಲ್ಲಿ, ಓಡುವವನು ಇನ್ನೊಂದು ದಿಕ್ಕಿನಲ್ಲಿ ಇರುವಾಗ ಒಂದು ಜೊತೆ ಕಣ್ಣು ಎರಡನ್ನೂ ಒಮ್ಮೆಗೇ ಹಿಡಿಯಲಾರದು. ಆದ್ದರಿಂದ ಅನುಭವಿಗಳು ಕಣ್ಣನ್ನು ರಕ್ಷಣಾ ಸಾಲಿನ ಮೇಲಿಟ್ಟು, ಒದೆತದ ಸದ್ದಿಗೆ ಕಿವಿ ಕೊಡುತ್ತಾರೆ. ಸಹಾಯಕ ರೆಫ್ರಿ ಆ ಸಾಲಿಗಿಂತ ಒಂದೆರಡು ಹೆಜ್ಜೆ ಹಿಂದುಳಿದರೂ ಸಾಕು, ನೋಟದ ಓರೆಯಿಂದಾಗಿ ದೂರದಲ್ಲಿರುವ ಆಟಗಾರ ಇಲ್ಲದ ಕಡೆ ಇದ್ದಂತೆ ಕಾಣುತ್ತಾನೆ. ಪ್ರೇಕ್ಷಕರು ಪಕ್ಷಪಾತವೆಂದು ಕೂಗುವ ಎಷ್ಟೋ ತೀರ್ಪುಗಳ ಹಿಂದೆ ಇರುವುದು ಈ ಒಂದೆರಡು ಹೆಜ್ಜೆಗಳು.

ಇಷ್ಟನ್ನೆಲ್ಲ ಕಲಿತರೂ ಉಳಿಯುವ ಕಷ್ಟವೊಂದಿದೆ, ಮತ್ತು ಅದು ನಿಯಮ ಪುಸ್ತಕದಲ್ಲಿಲ್ಲ. ಓಣಿಯ ತಂಡಗಳ ಪಂದ್ಯದಲ್ಲಿ ಮೂವತ್ತರ ಆಸುಪಾಸಿನ ಆಟಗಾರನೊಬ್ಬ ಫ್ರೀ ಕಿಕ್‌ಗೆ ಅಡ್ಡವಾಗಿ ನಿಂತಾಗ, ಹದಿನಾರರ ರೆಫ್ರಿಯು ‘ಅಣ್ಣಾ, ಹಿಂದಕ್ಕೆ ಸರೀರಿ’ ಎನ್ನಬೇಕು. ಆತ ‘ಏ ತಮ್ಮಾ, ನೀನೇನ್ ಹೇಳ್ತಿ’ ಎಂದು ನಕ್ಕರೆ, ಅದೇ ಅಣ್ಣನಿಗೆ ಹಳದಿ ಕಾರ್ಡ್ ತೋರಿಸಿ ಹೆಸರು ಬರೆದುಕೊಳ್ಳಬೇಕು. ಅಣ್ಣಾ ಎನ್ನುವುದರಲ್ಲಿ ತಪ್ಪಿಲ್ಲ. ಬಹುವಚನದ ಮರ್ಯಾದೆಯನ್ನೂ 9.15 ಮೀಟರ್ ಅಂತರವನ್ನೂ ಒಂದೇ ಉಸಿರಿನಲ್ಲಿ ಕೇಳಬಲ್ಲ ಮಕ್ಕಳೇ ಒಳ್ಳೆಯ ರೆಫ್ರಿಗಳಾಗುತ್ತಾರೆ. ಕಾರ್ಡಿನ ಹುಟ್ಟು ಕೂಡ ಮಾತು ಸಾಲದಾದಾಗಿನದೇ. 1966ರ ವಿಶ್ವಕಪ್‌ನ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯದಲ್ಲಿ ಯಾರಿಗೆ ಎಚ್ಚರಿಕೆ ಕೊಟ್ಟಿದ್ದಾರೆಂಬುದೇ ಗೊಂದಲವಾದ ಬಳಿಕ, ಇಂಗ್ಲೆಂಡಿನ ರೆಫ್ರಿ ಕೆನ್ ಆಸ್ಟನ್‌ಗೆ ರಸ್ತೆಯ ಸಂಚಾರ ದೀಪಗಳನ್ನು ಕಂಡು ಎರಡು ಬಣ್ಣಗಳ ಉಪಾಯ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಮೊದಲ ಬಾರಿಗೆ ಬಳಕೆಗೆ ಬಂದವು. ಮಕ್ಕಳ ಪಂದ್ಯಗಳಲ್ಲಿ ಆಟಗಾರನನ್ನು ಸ್ವಲ್ಪ ಹೊತ್ತು ಮಾತ್ರ ಹೊರಗೆ ಕೂರಿಸುವ ತಾತ್ಕಾಲಿಕ ಶಿಕ್ಷೆಗೂ ನಿಯಮದಲ್ಲಿ ಅವಕಾಶವಿದ್ದು, ಶಾಲಾ ಪಂದ್ಯಗಳಿಗೆ ಅದು ಕಾರ್ಡಿಗಿಂತ ಹೆಚ್ಚು ಹೊಂದುತ್ತದೆ.

ಆಟಗಾರರಿಗಿಂತ ಗೆರೆಯಾಚೆಯ ದೊಡ್ಡವರು ಹೆಚ್ಚು ಕಷ್ಟ ಕೊಡುತ್ತಾರೆ. ಅನುಭವಿ ರೆಫ್ರಿಗಳನ್ನೂ ಇದು ಬಿಟ್ಟಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು; ರೆಫ್ರಿ ಕ್ರಿಸ್ಟಲ್ ಜಾನ್ ಗೋಲನ್ನು ಎತ್ತಿಹಿಡಿದರು; ಕೇರಳದ ತಂಡ ಮೈದಾನ ಬಿಟ್ಟು ಹೊರನಡೆಯಿತು. ಮುಂದೆ ಫೆಡರೇಶನ್ನಿನ ಶಿಸ್ತು ಸಮಿತಿಯು ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರ ಇವಾನ್ ವುಕೊಮಾನೊವಿಚ್‌ಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಅಲ್ಲಿ ರೆಫ್ರಿಯ ಬೆನ್ನಿಗೆ ಸಮಿತಿಯೂ ನಿಯಮಾವಳಿಯೂ ಇದ್ದವು. ಕಂಪ್ಲಿಯ ಬಯಲಿನಲ್ಲಿ ಸೀಟಿ ಹಿಡಿದ ಹುಡುಗನ ಬೆನ್ನಿಗೆ ಯಾರಿದ್ದಾರೆ? ನೆದರ್‌ಲ್ಯಾಂಡ್ಸ್‌ನ ಅಲ್ಮೆರೆಯಲ್ಲಿ 2012ರ ಡಿಸೆಂಬರ್‌ನಲ್ಲಿ, ಮಗನ ತಂಡದ ಪಂದ್ಯಕ್ಕೆ ಸ್ವಯಂಸೇವಕರಾಗಿ ಬಾವುಟ ಹಿಡಿದಿದ್ದ ರಿಚರ್ಡ್ ನ್ಯೂವೆನ್‌ಹೈಜೆನ್ ಎಂಬವರು ಎದುರಾಳಿ ತಂಡದ ಹುಡುಗರ ಹೊಡೆತಕ್ಕೆ ಸಿಕ್ಕಿ ಮರುದಿನ ತೀರಿಕೊಂಡರು. ಇಂಗ್ಲೆಂಡಿನಲ್ಲಿ 14ನೆಯ ವಯಸ್ಸಿಗೇ ರೆಫ್ರಿಯಾಗಲು ಅವಕಾಶವಿದ್ದು, ಅಲ್ಲಿನ ಹಲವು ಪ್ರಾದೇಶಿಕ ಸಂಸ್ಥೆಗಳು 18 ತುಂಬದ ರೆಫ್ರಿಗಳ ತೋಳಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಕಟ್ಟುವ ಪದ್ಧತಿಯನ್ನು ತಂದಿವೆ. ತಾವು ಬೈಯಲು ಹೊರಟಿರುವುದು ಒಂದು ಮಗುವನ್ನು ಎಂದು ನೋಡುವವರಿಗೆ ತಿಳಿಯಲೆಂದೇ ಈ ಏರ್ಪಾಡು. 2023ರಲ್ಲಿ ತಳಮಟ್ಟದ ಪಂದ್ಯಗಳ ರೆಫ್ರಿಗಳ ಎದೆಗೆ ಕ್ಯಾಮೆರಾ ಕಟ್ಟುವ ಪ್ರಯೋಗವೂ ಅಲ್ಲಿ ಶುರುವಾಯಿತು. ಕ್ಯಾಮೆರಾ ದುಬಾರಿ ಇರಬಹುದು, ಬಣ್ಣದ ಪಟ್ಟಿಗೆ ಹೊಸಪೇಟೆಯ ಯಾವ ಬಟ್ಟೆ ಅಂಗಡಿಯಲ್ಲಾದರೂ ಅರ್ಧ ಮೀಟರ್ ಬಟ್ಟೆ ಸಾಕು. ಪಂದ್ಯ ಏರ್ಪಡಿಸುವವರು ಮಗುವಿನ ಕೈಗೆ ಸೀಟಿ ಕೊಟ್ಟ ಮೇಲೆ ಪೂರ್ತಿ ಅವಧಿ ಗೆರೆಯ ಪಕ್ಕದಲ್ಲೇ ಇರುವ ಒಬ್ಬ ಹಿರಿಯರನ್ನು ನೇಮಿಸಲೇಬೇಕು. ಅದಾಗದಿದ್ದರೆ ಸೀಟಿಯನ್ನು ಕೊಡಲೇಬಾರದು.

ಓಟದ ವಿಷಯದಲ್ಲಿ ಈ ಸೀಮೆಯ ಮಕ್ಕಳಿಗೆ ಹೆದರಿಕೆ ಬೇಕಿಲ್ಲ. ಅಂತರರಾಷ್ಟ್ರೀಯ ಪುರುಷ ರೆಫ್ರಿಗಳ ಪರೀಕ್ಷೆಯಲ್ಲಿ 40 ಮೀಟರ್ ದೂರವನ್ನು ಆರು ಬಾರಿ, ಪ್ರತಿ ಸಲವೂ 6 ಸೆಕೆಂಡಿನೊಳಗೆ ಓಡಿ, ಬಳಿಕ 75 ಮೀಟರ್ ಓಟ ಮತ್ತು 25 ಮೀಟರ್ ನಡಿಗೆಯನ್ನು 40 ಬಾರಿ ಮಾಡಬೇಕು. ಕಲಿಕೆಯ ಹಂತದವರಿಗೆ ಇಷ್ಟು ಬೇಕಾಗುವುದಿಲ್ಲವಾದರೂ, ದಿನ ಬೆಳಗಾದರೆ ತುಂಗಭದ್ರಾ ಅಣೆಕಟ್ಟೆಯ ದಾರಿಯಲ್ಲೋ ಸಂಡೂರಿನ ಗುಡ್ಡದ ಏರಿನಲ್ಲೋ ಓಡುವವರಿಗೆ ಇದು ಕೈಗೆಟುಕದ ಗುರಿಯಲ್ಲ. ಬಿಸಿಲನ್ನು ಮಾತ್ರ ಲಘುವಾಗಿ ಎಣಿಸಬಾರದು; ನೀರು ಕುಡಿಯಲು ಒಂದು ನಿಮಿಷದವರೆಗೂ, ಮೈ ತಣಿಸಿಕೊಳ್ಳಲು ಒಂದೂವರೆಯಿಂದ ಮೂರು ನಿಮಿಷದವರೆಗೂ ಆಟ ನಿಲ್ಲಿಸಲು ನಿಯಮದಲ್ಲಿ ಅವಕಾಶವಿರುವುದನ್ನು ಇಲ್ಲಿನ ಪ್ರತಿ ರೆಫ್ರಿಯೂ ತಿಳಿದಿರಬೇಕು ಮತ್ತು ಬಳಸಬೇಕು.

ಫೀಫಾ, ಅಂದರೆ 1904ರಲ್ಲಿ ಸ್ಥಾಪನೆಯಾದ ವಿಶ್ವ ಫುಟ್‌ಬಾಲ್ ಸಂಸ್ಥೆ, ತನ್ನ ಪಟ್ಟಿಗೆ ಸೇರುವ ರೆಫ್ರಿಗಳಿಗೆ ಕನಿಷ್ಠ 25 ವರ್ಷ, ಸಹಾಯಕ ರೆಫ್ರಿಗಳಿಗೆ 23 ವರ್ಷ ಎಂದು ಗೊತ್ತುಮಾಡಿದೆ. ಹದಿನಾರಕ್ಕೆ ಶುರು ಮಾಡಿದವರಿಗೆ ಅಲ್ಲಿಗೆ ಏರಲು ಏಳರಿಂದ ಒಂಬತ್ತು ವರ್ಷಗಳ ಕಾಲಾವಕಾಶವಿದೆ. ಆಟಗಾರನಾಗಿ ಸೋತ ಮೇಲೆ ಇಪ್ಪತ್ತೈದಕ್ಕೆ ಸೀಟಿ ಹಿಡಿದವರಿಗೆ ಅದಿಲ್ಲ. ತಮಿಳುನಾಡಿನ ಕೋಮಳೀಶ್ವರನ್ ಶಂಕರ್ 2002ರ ಕೊರಿಯಾ–ಜಪಾನ್ ವಿಶ್ವಕಪ್‌ನಲ್ಲಿ ಸಹಾಯಕ ರೆಫ್ರಿಯಾಗಿ ಕೆಲಸ ಮಾಡಿದರು. ಅದೇ ರಾಜ್ಯದ ದಿಂಡಿಗಲ್ ಎಂಬ ಜಿಲ್ಲಾ ಕೇಂದ್ರದಿಂದ ಬಂದ ರೂಪಾದೇವಿ ಫೀಫಾ ಪಟ್ಟಿ ಸೇರಿದರು. ಗೋವಾದ ಉವೆನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನಿನಲ್ಲಿ ನಡೆದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ನಲ್ಲಿ ಬಾವುಟ ಹಿಡಿದರು. ದಿಂಡಿಗಲ್‌ಗೆ ಸಾಧ್ಯವಾದದ್ದು ಹೊಸಪೇಟೆಗೆ ಸಾಧ್ಯವಾಗಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಪ್ರತಿಭೆಯಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ಹುಡುಗಿಯರ ಮಟ್ಟಿಗೆ ಆ ವ್ಯವಸ್ಥೆ ಎಂದರೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಕತ್ತಲಾಗುವ ಮೊದಲು ಮನೆ ಸೇರುವಂಥ ಪಂದ್ಯದ ವೇಳೆ, ಜೊತೆಗೆ ಬರುವ ತಾಯಿಗೋ ಅಣ್ಣನಿಗೋ ಬಸ್ಸಿನ ಖರ್ಚು.

ಶಾಲಾ ಕ್ರೀಡಾಕೂಟಗಳು ಮುಂಗಾರಿನ ತಿಂಗಳುಗಳಲ್ಲಿ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಶೈಕ್ಷಣಿಕ ವರ್ಷದ ಕೊನೆಗೆ ಬರುವುದರಿಂದ ಓದಿಗೆ ಅಡ್ಡಿಯಾಗದಂತೆ ರೆಫ್ರಿ ಕಲಿಕೆಯನ್ನು ಜೂನ್‌ನಿಂದ ಅಕ್ಟೋಬರ್ ನಡುವೆ ಹೊಂದಿಸಬಹುದು. 14 ವರ್ಷದೊಳಗಿನವರ ತಾಲ್ಲೂಕು ಪಂದ್ಯಗಳಿಗೆ ಪಿಯುಸಿಯ ಇಬ್ಬರು ಮಕ್ಕಳು ಎರಡು ಗೆರೆಗಳಲ್ಲಿ ಬಾವುಟ ಹಿಡಿಯಲಿ, ನಡುವೆ ಸೀಟಿ ಹಿಡಿದು ಪಿ.ಟಿ. ಮೇಷ್ಟ್ರೇ ಇರಲಿ, ವಿರಾಮದಲ್ಲಿ ಮೂವರೂ ಒಂದೆಡೆ ನಿಂತು, ಮೊದಲ ಅವಧಿಯಲ್ಲಿ ಎತ್ತಿದ ಮತ್ತು ಎತ್ತಬೇಕಾಗಿದ್ದ ಬಾವುಟಗಳ ಬಗ್ಗೆ ಮಾತಾಡಿಕೊಳ್ಳಲಿ. ಮರುವರ್ಷ ಕಂಪ್ಲಿಯ ಮಕ್ಕಳು ಸಂಡೂರಿನ ಪಂದ್ಯಕ್ಕೂ ಸಂಡೂರಿನವರು ಕಂಪ್ಲಿಯ ಪಂದ್ಯಕ್ಕೂ ಹೋಗಲಿ, ಆಗ ತಮ್ಮೂರ ತಂಡವೆಂಬ ಅನುಮಾನಕ್ಕೆ ಆಸ್ಪದವಿರುವುದಿಲ್ಲ. ಅವರಿಗೆ ಬಸ್ಸಿನ ಖರ್ಚು, ಊಟ ಮತ್ತು ಪ್ರತಿ ಪಂದ್ಯಕ್ಕೆ ಸಣ್ಣದಾದರೂ ಒಂದು ಸಂಭಾವನೆಯನ್ನು, ಕ್ರೀಡಾಕೂಟದ ಖರ್ಚಿನ ಪಟ್ಟಿಯಲ್ಲಿ ಹಾರ, ಶಾಲುಗಳಿಗಿಂತ ಮೇಲಿನ ಸಾಲಿನಲ್ಲಿ ಬರೆದಿಡಬೇಕು.